256 ಬೈಟ್‌ಗಳ ಜಾಣತನ

ನೋಡಲು ಕಂಪ್ಯೂಟರಿನಂತೆಯೇ ಇದ್ದರೂ ವಿಟಿ220 ಕಂಪ್ಯೂಟರ್ ಆಗಿರಲಿಲ್ಲ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದರೆ ಡೆಕ್ ಕಂಪನಿ, 1983ರಲ್ಲಿ ಹೊರತಂದ ಟರ್ಮಿನಲ್ ಅದು. ಒಂದು ಪರದೆ, ಒಂದು ಕೀಲಿಮಣೆ, ಅವೆರಡನ್ನೂ ನಡೆಸಲು ಒಂದು ಇಂಟೆಲ್ 8051 ಚಿಪ್. ಲೆಕ್ಕಾಚಾರವೆಲ್ಲ ತಂತಿಯ ಆಚೆ ತುದಿಯಲ್ಲಿದ್ದ ವ್ಯಾಕ್ಸ್‌ನಂಥ ದೊಡ್ಡ ಯಂತ್ರದ್ದು. ಕೀಲಿ ಒತ್ತಿದರೆ ಅಕ್ಷರದ ಸಂಕೇತ ಅತ್ತ ಹೋಗುತ್ತಿತ್ತು. ಅತ್ತಲಿಂದ ಬಂದದ್ದು ಪರದೆಯ ಮೇಲೆ ಮೂಡುತ್ತಿತ್ತು.

ಆದರೂ ಇದಕ್ಕೊಂದು ಪುಟ್ಟ ನೆನಪು ಇತ್ತು. ಎಫ್6ರಿಂದ ಎಫ್20ರವರೆಗಿನ ಹದಿನೈದು ಕೀಲಿಗಳಿಗೆ ನಮಗೆ ಬೇಕಾದ ಆದೇಶಗಳನ್ನು ತುಂಬಿಡಬಹುದಿತ್ತು. ಶಿಫ್ಟ್ ಹಿಡಿದು ಆ ಕೀಲಿ ಒತ್ತಿದರೆ ಸಾಕು, ಇಡೀ ಸಾಲು ತಾನೇ ಹೊರಟುಬಿಡುತ್ತಿತ್ತು. ಟೈಪ್ ಮಾಡಿದ್ದು ಮನುಷ್ಯನೋ ಟರ್ಮಿನಲ್ಲೋ ಎಂಬುದು ಆಚೆಯ ಯಂತ್ರಕ್ಕೆ ಗೊತ್ತಾಗುವಂತಿರಲಿಲ್ಲ. ಹದಿನೈದೂ ಕೀಲಿಗಳಿಗೆ ಸೇರಿ ಇದ್ದ ಜಾಗ 256 ಬೈಟ್; ಸಮನಾಗಿ ಹಂಚಿದರೆ ತಲಾ ಹದಿನೇಳು ಅಕ್ಷರ. ವಿದ್ಯುತ್ ಹೋದರೆ ಎಲ್ಲವೂ ಅಳಿಸಿಹೋಗುತ್ತಿತ್ತು.

ತುಂಬುವ ಬಗೆ ಸೊಗಸಾಗಿದೆ. ಕಡತಗಳ ಪಟ್ಟಿ ಕೇಳುವ 'ಡಿಐಆರ್' ಆದೇಶವನ್ನು ಎಫ್6ಕ್ಕೆ ಕೊಡಬೇಕು ಎನ್ನಿ. ಎಫ್6ರ ಸಂಖ್ಯೆ 17. ಮೂರು ಅಕ್ಷರಗಳ ಹೆಕ್ಸಾಡೆಸಿಮಲ್ ಸಂಕೇತ 44, 49, 52; ಕೊನೆಯ ರಿಟರ್ನ್‌ಗೆ 0ಡಿ. ಎಸ್ಕೇಪ್ ಸಂಕೇತದಿಂದ ಶುರುವಾಗುವ ಒಂದು ಸಾಲಿನೊಳಗೆ 17/4449520ಡಿ ಎಂದು ಬರೆದು ದೊಡ್ಡ ಯಂತ್ರದಿಂದ ಟರ್ಮಿನಲ್‌ಗೆ ಕಳಿಸಿದರೆ ಕೆಲಸ ಮುಗಿಯಿತು. ಅಕ್ಷರಗಳನ್ನೇ ನೇರವಾಗಿ ಬರೆಯದೆ ಅಂಕಿಗಳ ವೇಷ ಹಾಕಿಸಿದ್ದೇಕೆ? ರಿಟರ್ನ್‌ನಂಥ ನಿಯಂತ್ರಣ ಸಂಕೇತಗಳು ದಾರಿಯಲ್ಲೇ ತಮ್ಮ ಕೆಲಸ ಶುರುಮಾಡಿಬಿಡಬಾರದಲ್ಲ, ಅದಕ್ಕೆ.

ಅಪಾಯ ಅಡಗಿದ್ದೂ ಇಲ್ಲೇ. ಓದಬೇಕಾದ ಪಠ್ಯ, ಪಾಲಿಸಬೇಕಾದ ಅಪ್ಪಣೆ ಎರಡೂ ಬರುತ್ತಿದ್ದುದು ಒಂದೇ ತಂತಿಯಲ್ಲಿ. ಯಾರೋ ಕಳಿಸಿದ ಸಂದೇಶದೊಳಗೆ ಈ ಸಾಲು ಅಡಗಿದ್ದರೆ, ಅದನ್ನು ಪರದೆಗೆ ತಂದ ಮಾತ್ರಕ್ಕೆ ನಿಮ್ಮ ಕೀಲಿಯ ಅರ್ಥ ಬದಲಾದೀತು. ಮುಂದೆಂದೋ ಆ ಕೀಲಿ ಒತ್ತಿದಾಗ ಹೋಗುವ ಆದೇಶ ಅವರದು, ಹೆಸರು ಮಾತ್ರ ನಿಮ್ಮದು! ಡೆಕ್‌ನವರಿಗೆ ಇದು ತಿಳಿದಿತ್ತು. ಕೀಲಿಗಳನ್ನು ತುಂಬಿದ ಮೇಲೆ ಬೀಗ ಹಾಕುವ ಏರ್ಪಾಟು ಮಾಡಿದ್ದರು. ಬೇಡವೆಂದು ಹೇಳದಿದ್ದರೆ ಬೀಗ ತಾನಾಗಿಯೇ ಬೀಳುತ್ತಿತ್ತು. ತೆಗೆಯಲು ಮಾತ್ರ ಟರ್ಮಿನಲ್ ಮುಂದೆ ಕೂತವರೇ ಸೆಟ್‌ಅಪ್ ಪರದೆಗೆ ಹೋಗಬೇಕಿತ್ತು. ನನ್ನ ಮಟ್ಟಿಗೆ ಇಡೀ ವಿನ್ಯಾಸದಲ್ಲಿ ಅತ್ಯಂತ ಜಾಣ ತೀರ್ಮಾನ ಇದೇ.

ಎಂಎಸ್-ಡಾಸ್‌ನ ಆನ್ಸಿ.ಸಿಸ್ ಚಾಲಕದಲ್ಲೂ ಕೀಲಿಗಳ ಅರ್ಥ ಬದಲಿಸುವ ಇಂಥದೇ ಸೌಲಭ್ಯವಿತ್ತು, ಆದರೆ ಇಂಥ ಬೀಗವಿರಲಿಲ್ಲ. ಹಾಗಾಗಿ 'ಟೈಪ್' ಆದೇಶದಿಂದ ತೆರೆದ ಬರೀ ಪಠ್ಯದ ಕಡತವೂ ಕೀಲಿಯೊಂದಕ್ಕೆ 'ಫಾರ್ಮ್ಯಾಟ್' ಆದೇಶ ಅಂಟಿಸಬಹುದಿತ್ತು. ಇಂಥವಕ್ಕೆ ಆನ್ಸಿ ಬಾಂಬ್ ಎಂಬ ಹೆಸರೇ ಬಿತ್ತು.

ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿ. ಲಿನಕ್ಸ್‌ನಲ್ಲಿ ಓಡುವ ಎಕ್ಸ್‌ಟರ್ಮ್ ಇಂದಿಗೂ ವಿಟಿ220ರ ಆ ಸಾಲನ್ನು ಅರ್ಥಮಾಡಿಕೊಳ್ಳುತ್ತದೆ. ಎಲ್ಲಿಂದಲೋ ಬಂದ ಕಡತವನ್ನು 'ಕ್ಯಾಟ್' ಆದೇಶದಿಂದ ಪರದೆಗೆ ಸುರಿಯುವ ಬದಲು 'ಲೆಸ್'ನಲ್ಲಿ ತೆರೆಯಿರಿ. ಅದು ಎಸ್ಕೇಪ್ ಸಂಕೇತವನ್ನು ಪಾಲಿಸದೆ ಬರೀ ಅಕ್ಷರವಾಗಿ ತೋರಿಸುತ್ತದೆ. ಅದೇ ಲೇಸು.