ಹುಸಿಮೀನು

ಭ್ರಾಂತಿಮಾನ್ ಎಂಬ ಅಲಂಕಾರವನ್ನು ನಾನು ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ಹೋಲಿಕೆಯ ಬಲದಿಂದ ಒಂದು ವಸ್ತುವನ್ನು ಮತ್ತೊಂದೆಂದು ತಿಳಿಯುವುದು ಭ್ರಾಂತಿ. ಅದು ಕವಿಪ್ರತಿಭೆಯಿಂದ ಹುಟ್ಟಿ ಚಮತ್ಕಾರವನ್ನುಂಟುಮಾಡಿದರೆ ಅಲಂಕಾರ. ಬೆಳುದಿಂಗಳನ್ನು ಹಾಲೆಂದು ನೆಕ್ಕಹೋದ ಬೆಕ್ಕಿನ ಉದಾಹರಣೆ ಕೊಟ್ಟರೆ ಹುಡುಗರು ನಗುತ್ತಾರೆ, ಗಂಟೆ ಬಾರಿಸುತ್ತದೆ, ನಾನು ಹಾಜರಿ ಪುಸ್ತಕವನ್ನು ಮಡಿಚಿ ಹೊರಡುತ್ತೇನೆ. ಆಮೇಲೆ ಬೆಕ್ಕಿನ ಗತಿ ಏನಾಯಿತೆಂದು ಯಾರೂ ಕೇಳಿದ್ದಿಲ್ಲ, ನಾನೂ ಯೋಚಿಸಿದ್ದಿಲ್ಲ.

ಆ ಪ್ರಶ್ನೆ ನನ್ನನ್ನು ಹಿಡಿದದ್ದು ಕಳೆದ ಡಿಸೆಂಬರಿನ ರಜೆಯಲ್ಲಿ, ಲಕ್ಷದ್ವೀಪದ ಹವಳದ ಬಂಡೆಯ ಮೇಲೆ ಗಾಳದ ಕೋಲು ಹಿಡಿದು ನಿಂತಿದ್ದಾಗ.

ಲಕ್ಷದ್ವೀಪವೆಂದರೆ ನಮ್ಮಲ್ಲಿ ಅನೇಕರು ಪರದೇಶವೆಂಬಂತೆ ಭಾವಿಸುತ್ತಾರೆ. ಆದರೆ ಅದರ ಉತ್ತರಭಾಗದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಟಿಪ್ಪು ಸುಲ್ತಾನನ ಕೈಕೆಳಗಿದ್ದ ಅವು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಇಂಗ್ಲಿಷರ ಪಾಲಾದವು. ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿ ಹಾಯಿಯ ಓಡಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನ ಅಕ್ಕಿ ಅವರ ಮನೆಗೆ ಹೋಗುತ್ತಿತ್ತು. ಓಡಗಳ ಕಾಲ ಮುಗಿದರೂ ನಂಟು ಪೂರ್ತಿ ಹರಿದಿಲ್ಲ. ನಾನು ವಿದ್ಯಾರ್ಥಿನಿಲಯದ ಮೇಲ್ವಿಚಾರಕನಾಗಿದ್ದಾಗ ಅಲ್ಲಿದ್ದ ದ್ವೀಪದ ಹುಡುಗನೊಬ್ಬ ಈಗ ತನ್ನೂರಿನ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯ. ಹತ್ತು ವರ್ಷ ಕರೆದ. ಹನ್ನೊಂದನೆಯ ವರ್ಷ ಅನುಮತಿಪತ್ರ ಮಾಡಿಸಿಕೊಂಡು ಕೊಚ್ಚಿಯಿಂದ ಹಡಗು ಹತ್ತಿದೆ.

ಆ ದ್ವೀಪಗಳ ಪಶ್ಚಿಮಕ್ಕೆ ಹವಳದ ದಿಬ್ಬ ದೂರದಲ್ಲಿ ಬಳಸಿಕೊಂಡು, ನಡುವೆ ತಿಳಿಹಸುರಾದ ಒಳಗಡಲೊಂದು ನಿಂತಿರುತ್ತದೆ. ಪೂರ್ವದಲ್ಲಿ ದಿಬ್ಬ ದಡಕ್ಕೆ ಹತ್ತಿರ. ಕಡಲು ಇಳಿದಾಗ ದಪ್ಪ ತಳದ ಪಾದರಕ್ಷೆ ತೊಟ್ಟು, ಜೀವವಿಲ್ಲದ ಕಲ್ಲನ್ನೇ ನೋಡಿ ನೋಡಿ ಹೆಜ್ಜೆಯಿಟ್ಟು, ಅದರ ಅಂಚಿಗೆ ಹೋಗಬಹುದು. ಅಂಚಿನಿಂದಾಚೆ ನೀರು ಒಮ್ಮೆಗೇ ಕಡುನೀಲಿಯಾಗುತ್ತದೆ. ಆ ನೀಲಿಯ ಗೋಡೆಯುದ್ದಕ್ಕೂ ಮುಂಜಾವ ಮುಸ್ಸಂಜೆಗಳಲ್ಲಿ ಪಹರೆ ತಿರುಗುವ ಮೀನೇ ಟ್ರೆವಲಿ. ಮಲೆಯಾಳಿಗಳು ಇದರ ಕುಲವನ್ನು ಪಾರ ಎನ್ನುತ್ತಾರೆ, ತಮಿಳರು ಪಾರೈ ಎನ್ನುತ್ತಾರೆ. ಪಾರೈ ಎಂದರೆ ಬಂಡೆಯೆಂಬ ಅರ್ಥವೂ ಉಂಟು. ಬೆಳ್ಳಿಯ ಮೈ, ಕಡಿದಾದ ಹಣೆ, ದೊಡ್ಡ ಕಣ್ಣು, ಕವಲೊಡೆದ ಬಾಲ, ಬಾಲದ ಬುಡದಲ್ಲಿ ಕವಚದಂಥ ಹುರುಪೆ—ಇದು ಅದರ ಚಹರೆ. ಈ ಕುಲದಲ್ಲೆಲ್ಲ ದೊಡ್ಡದಾದ ದೈತ್ಯ ಟ್ರೆವಲಿ ಒಂದೂವರೆ ಮೀಟರಿಗೂ ಮೀರಿ ಬೆಳೆಯುತ್ತದೆ. 2006ರಲ್ಲಿ ಜಪಾನಿನ ತೊಕಾರಾ ದ್ವೀಪಗಳ ಬಳಿ ಗಾಳಕ್ಕೆ ಸಿಕ್ಕಿದ್ದೊಂದು 72.8 ಕಿಲೋಗ್ರಾಂ ತೂಗಿತ್ತು.

ಇದರ ಹೆಸರಿನ ಕಥೆ ಸಾಹಿತ್ಯಾಭ್ಯಾಸಿಗಳಿಗೆ ರುಚಿಸೀತು. ಲಿನೇಯಸನ ಶಿಷ್ಯನಾದ ಪೀಟರ್ ಫೋರ್ಸ್ಕೋಲ್ ಎಂಬವನು ಡೆನ್ಮಾರ್ಕಿನ ದೊರೆ ಕಳುಹಿಸಿದ ಸಂಶೋಧಕರ ತಂಡದೊಂದಿಗೆ ಅರೇಬಿಯಾಕ್ಕೆ ಹೋಗಿ 1763ರಲ್ಲಿ ಯೆಮೆನಿನಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳನ್ನು ಜೊತೆಗಾರ ಕಾರ್ಸ್ಟೆನ್ ನೀಬೂರ್ 1775ರಲ್ಲಿ ಅಚ್ಚುಹಾಕಿಸಿದ. ಈ ಮೀನಿಗೆ ಅದರಲ್ಲಿ ಸಿಕ್ಕ ವಿಶೇಷಣ ‘ಇಗ್ನೋಬಿಲಿಸ್’; ಕುಲಹೀನ, ಹೆಸರಿಲ್ಲದ್ದು ಎಂದು ಅರ್ಥ. ಅತ್ತ ಹವಾಯಿ ದ್ವೀಪಗಳಲ್ಲಿ ಇದೇ ಮೀನು ಉಲುವಾ ಎನಿಸಿ ವೀರನಿಗೆ ಉಪಮಾನವಾಗಿತ್ತು. 1819ರಲ್ಲಿ ಅಲ್ಲಿಯ ದೊರೆ ಹಳೆಯ ಕಟ್ಟಳೆಗಳನ್ನು ಮುರಿಯುವವರೆಗೆ ಹೆಂಗಸರು ಅದನ್ನು ತಿನ್ನುವಂತಿರಲಿಲ್ಲ. ಒಂದು ಕಡೆ ಕುಲಹೀನ, ಇನ್ನೊಂದು ಕಡೆ ಕುಲೀನ! ಮೀನಿಗೆ ಎರಡರ ಗೊಡವೆಯೂ ಇದ್ದಂತಿಲ್ಲ.

ಮೊದಲ ಸಂಜೆ ನನ್ನ ಶಿಷ್ಯ ಚೀಲದಿಂದ ಮರದ ತುಂಡೊಂದನ್ನು ತೆಗೆದು ಕೈಗಿತ್ತ. ಗೇಣಿಗಿಂತ ಗಿಡ್ಡ, ನೀಲಿ ಬಣ್ಣ, ಮುಂದುಗಡೆ ಬಟ್ಟಲಿನಂತೆ ತೋಡಿದ ಬಾಯಿ, ಹೊಟ್ಟೆಯಲ್ಲಿ ಮೂರು ಮೊನೆಯ ಕೊಕ್ಕೆ ಒಂದು, ಬಾಲದಲ್ಲಿ ಇನ್ನೊಂದು. ಇದು ಹುಸಿಮೀನು. ಇದಕ್ಕೆ ಸಿಗಡಿಯನ್ನಾಗಲಿ ಮೀನಿನ ತುಂಡನ್ನಾಗಲಿ ಸಿಕ್ಕಿಸುವುದಿಲ್ಲ.

“ಇದು ಯಾವ ಮೀನಿನ ಹಾಗಿದೆಯಪ್ಪಾ?” ಎಂದೆ.

“ಯಾವುದರ ಹಾಗೂ ಇಲ್ಲ, ಸಾರ್. ನೀರಿಗೆ ಬಿದ್ದ ಮೇಲೆ ನೋಡಿ.”

ಅವನು ಬೀಸಿದ. ತುಂಡು ಅಲೆಯಾಚೆ ಬಿತ್ತು. ಕೋಲನ್ನು ಒಮ್ಮೆ ಸೆಳೆದ. ಮರದ ಬಾಯಿ ನೀರನ್ನು ಕಚ್ಚಿ ‘ಗ್ಲುಪ್’ ಎಂದು ಉಗುಳಿತು. ತಡೆದ. ಮತ್ತೆ ಸೆಳೆದ. ನನ್ನ ಕಣ್ಣೆದುರೇ ಮರದ ತುಂಡು ಮಾಯವಾಗಿ, ಗಾಯಗೊಂಡು ಗುಂಪಿನಿಂದ ಅಗಲಿದ ಮರಿಮೀನೊಂದು ದಡದತ್ತ ಒದ್ದಾಡುತ್ತ ಬರತೊಡಗಿತು. ಹೋಲಿಕೆ ರೂಪದಲ್ಲಿರಲಿಲ್ಲ, ಕ್ರಿಯೆಯಲ್ಲಿತ್ತು. ಶಾಂತಸಾಗರದ ದ್ವೀಪವಾಸಿಗಳು ಮುತ್ತಿನ ಚಿಪ್ಪನ್ನು ತಿದ್ದಿ, ಮೂಳೆಯ ಮೊನೆ ಕಟ್ಟಿ, ದೋಣಿಯ ಹಿಂದೆ ಎಳೆಯುತ್ತಿದ್ದುದೂ ಇದೇ ತತ್ತ್ವದ ಮೇಲೆ. ಟ್ರೆವಲಿ ದಡ್ಡ ಮೀನೆಂದು ಇದರಿಂದ ತಿಳಿಯಬಾರದು. ಸೆಶೆಲ್ಸಿನ ಫರ್ಕ್ವಾರ್ ಹವಳದ್ವೀಪದಲ್ಲಿ ಅದು ನೀರಿನಿಂದ ನೆಗೆದು ಹಾರುವ ಹಕ್ಕಿಮರಿಯನ್ನು ಹಿಡಿಯುವುದನ್ನು 2017ರಲ್ಲಿ ಬಿಬಿಸಿಯ ಚಿತ್ರವೊಂದು ಲೋಕಕ್ಕೆ ತೋರಿಸಿತು. ಹಕ್ಕಿಯ ವೇಗವನ್ನು ನೀರೊಳಗಿನಿಂದಲೇ ಅಳೆಯಬಲ್ಲ ಬುದ್ಧಿ ಅದರದು. ಚಲನೆಯನ್ನು ಓದಬಲ್ಲದ್ದರಿಂದಲೇ ಅದು ಚಲನೆಗೆ ಮೋಸಹೋಗುತ್ತದೆ.

ಕೋಲನ್ನು ನನ್ನ ಕೈಗೆ ಕೊಡುವಾಗ ಶಿಷ್ಯ ನಿಲ್ಲುವ ಜಾಗ ತೋರಿಸಿದ. ಬಂಡೆಯಲ್ಲಿ ಅಲ್ಲಿ ಒಂದು ಸೀಳು ಇತ್ತು. ಮೀನು ಕಚ್ಚಿದರೆ ಆ ಸೀಳಿನೊಳಕ್ಕೆ ಅಲೆಯೊಂದಿಗೆ ಎಳೆದುಕೊಳ್ಳಬಹುದು. “ಬಲಗಡೆ ಹೋಗಬೇಡಿ ಸಾರ್. ಅಲ್ಲಿ ಮೀನು ಸಿಕ್ಕರೂ ತೆಗೆಯಲು ಜಾಗವಿಲ್ಲ. ಹವಳಕ್ಕೆ ದಾರ ಉಜ್ಜಿ ಹೋಗುತ್ತದೆ” ಎಂದ. ಹತ್ತಾರು ಸಲ ಬೀಸಿದೆ, ಏನೂ ಆಗಲಿಲ್ಲ. ಅಷ್ಟರಲ್ಲಿ ಬಲಗಡೆ, ಇಪ್ಪತ್ತು ಹೆಜ್ಜೆಯಾಚೆ, ಅಲೆಯ ಗಾಜಿನೊಳಗೆ ಬೆಳ್ಳಿಯ ಬಾಗಿಲೊಂದು ತೆರೆದು ಮುಚ್ಚಿದಂತಾಯಿತು. ಶಿಷ್ಯ ತನ್ನ ದಾರದ ಗಂಟು ಬಿಡಿಸುತ್ತ ತಲೆ ತಗ್ಗಿಸಿದ್ದ. ನಾನು ಹೋದೆ. ವಯಸ್ಸು ನಲವತ್ತೇಳು, ವೃತ್ತಿ ಪಾಠ ಹೇಳುವುದು. ಆದರೂ ಹೇಳಿದ ಮಾತನ್ನು ಕೇಳದೆ ಹೋದೆ.

ಮೂರನೆಯ ಸೆಳೆತಕ್ಕೆ ನೀರು ಸಿಡಿಯಿತು. ಕೋಲು ನನ್ನ ಕೈಯೊಳಗೇ ಬಾಗಿ, ರಾಟೆ ಕಿರಿಚಿಕೊಂಡು, ದಾರ ನೂರು ಮಾರು ಓಡಿತು. ಆ ಬಲವನ್ನು ಬಣ್ಣಿಸುವ ಗೋಜಿಗೆ ಹೋಗುವುದಿಲ್ಲ. ಅದು ಮೀನಿನ ಬಲವೆಂದು ತೋರಲಿಲ್ಲ, ಕಡಲೇ ಹಿಡಿದೆಳೆದಂತಿತ್ತು. ಶಿಷ್ಯ ಓಡಿಬಂದು ನನ್ನ ಸೊಂಟದ ಪಟ್ಟಿ ಹಿಡಿದುಕೊಂಡ. ಮೀನು ಅಂಚಿನ ಕೆಳಗೆ ತಿರುಗಿತು. ದಾರ ಹವಳಕ್ಕೆ ಉಜ್ಜುವುದು ಕೋಲಿನ ಮೂಲಕ ನನ್ನ ಬೆರಳುಗಳಿಗೆ ಕೇಳಿಸಿತು, ಕೇಳಿಸಿತು, ನಿಂತಿತು. ಕೋಲು ನೆಟ್ಟಗಾಯಿತು.

ಕಳೆದುಕೊಂಡದ್ದಕ್ಕೆ ನಾನು ಮರುಗುತ್ತಿದ್ದೇನೆಂದು ಶಿಷ್ಯ ತಿಳಿದ. “ಇರಲಿ ಸಾರ್, ಹುಸಿಮೀನು ಬೇರೆ ಇದೆ” ಎಂದ. ನಾನು ಕೇಳಿದ್ದು ಬೇರೆ: “ಅದರ ಬಾಯಲ್ಲಿ ಆರು ಮೊನೆಗಳಿವೆಯಲ್ಲ, ಅದರ ಗತಿ ಏನು?” ಅವನು ಸುಮ್ಮನಿದ್ದ. ಬಳಿಕ, ತುಕ್ಕು ಹಿಡಿದು ಕಳಚಿಕೊಳ್ಳಲೂಬಹುದು, ಬಾಯಿ ಮುಚ್ಚಲಾಗದೆ ಬೇಟೆ ತಪ್ಪಿ ಸಾಯಲೂಬಹುದು ಎಂದ.

ರಾತ್ರಿ ಊಟದ ಹೊತ್ತಿಗೆ ಅವನ ದೊಡ್ಡಪ್ಪನಿಗೆ ಈ ಸಂಗತಿ ತಿಳಿಯಿತು. ಅವರು ನಲವತ್ತು ವರ್ಷ ಚೂರೆಯ, ಎಂದರೆ ಟ್ಯೂನಾದ, ದೋಣಿಯಲ್ಲಿ ದುಡಿದವರು. ಒಳಗಡಲಲ್ಲಿ ಹಿಡಿದ ಜೀವಂತ ಮರಿಗಳನ್ನು ಹೊರಗಡಲಲ್ಲಿ ಚೆಲ್ಲಿ, ನೀರನ್ನು ಚಿಮುಕಿಸಿ, ಚೂರೆಗಳಿಗೆ ಮತಿಗೆಡುವಂತೆ ಮಾಡಿ, ಬಳಿಕ ಬರಿಯ ಹೊಳೆವ ಕೊಕ್ಕೆಯಿಂದ ಒಂದೊಂದಾಗಿ ಎತ್ತಿ ಹಾಕುವುದು ಅಲ್ಲಿಯ ಕ್ರಮ. ಅವರು ಒಳಗಿನಿಂದ ತಮ್ಮ ಹಳೆಯ ಕೊಕ್ಕೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಅದಕ್ಕೆ ಹಿಮ್ಮುಳ್ಳಿರಲಿಲ್ಲ. ದಯೆಗಾಗಿಯೇ ಎಂದು ಕೇಳಿದೆ. ಶಿಷ್ಯ ಅನುವಾದಿಸಿದಾಗ ಮುದುಕರು ನಕ್ಕುಬಿಟ್ಟರು. ದಾರ ಸಡಿಲವಾದೊಡನೆ ಮೀನು ತಾನಾಗಿ ಕಳಚಿ ದೋಣಿಯೊಳಗೆ ಬೀಳಬೇಕು, ಇಲ್ಲವಾದರೆ ಕೆಲಸ ಸಾಗದು, ಅಷ್ಟೇ. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು: ಹಾಕುವ ಮೊದಲೇ ತೆಗೆಯುವುದು ಹೇಗೆಂದು ಗೊತ್ತಿರಬೇಕು.

ಮರುದಿನ ಬೆಳಗಿನ ಜಾವ ನಾನು ಕೋಲು ಹಿಡಿಯಲಿಲ್ಲ. ಇಬ್ಬರೂ ಕುಳಿತು ಮೂರು ಮೊನೆಯ ಕೊಕ್ಕೆಗಳನ್ನು ತೆಗೆದು, ಒಂದೇ ಮೊನೆಯ ಕೊಕ್ಕೆ ಕಟ್ಟಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿದ್ದೆವು. ಸೀಳಿನ ಬಳಿ ನಿಂತು ಶಿಷ್ಯ ಬೀಸಿದ. ಮೊದಲು ಬಂದದ್ದು ದೈತ್ಯ ಟ್ರೆವಲಿಯ ಮರಿ, ಉದ್ದ ಎರಡು ಗೇಣು. ಈ ಜಾತಿ ಸುಮಾರು 60 ಸೆಂಟಿಮೀಟರಾಗುವವರೆಗೆ ಸಂತಾನಕ್ಕೆ ಬರುವುದಿಲ್ಲ. ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಕೈ ಒದ್ದೆಮಾಡಿಕೊಂಡು ನಾನೇ ಕೊಕ್ಕೆ ತೆಗೆದೆ. ಬೆರಳು ತಗುಲಿದ್ದೇ ತಡ, ಕಳಚಿತು. ನೀರಿನಲ್ಲಿ ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿದೆ, ಕಿವಿರು ನಾಲ್ಕು ಸಲ ತೆರೆಯಿತು, ಹೋಯಿತು. ಎರಡನೆಯದೂ ಎರಡು ಗೇಣಿನದೇ, ಆದರೆ ನೀಲಿ ರೆಕ್ಕೆಯ ಟ್ರೆವಲಿ, ಬೇರೆ ಜಾತಿ. ಆ ಜಾತಿ ಈ ಅಳತೆಗೆ ಮೊದಲೇ ಪ್ರಾಯಕ್ಕೆ ಬರುತ್ತದೆ. “ಇದು ಮಧ್ಯಾಹ್ನಕ್ಕೆ, ಸಾರ್” ಎಂದು ಶಿಷ್ಯ ಕೋಲು ಮಡಿಚಿದ. ಅಳತೆ ಒಂದೇ, ನ್ಯಾಯ ಎರಡು. ತಿಳಿವಳಿಕೆಯಿಲ್ಲದವನಿಗೆ ಎರಡೂ ಒಂದೇ ಮೀನು.

ಆ ಮೀನನ್ನು ನಾನು ಉಂಡೆ, ರುಚಿಯಾಗಿತ್ತು. ಅದರಲ್ಲಿ ಮುಚ್ಚಿಡುವಂಥದೇನೂ ಇಲ್ಲ. ಉಂಡ ಮೀನಿನ ಕಥೆ ಎಲೆಯ ಮೇಲೆ ಮುಗಿಯಿತು, ಬಿಟ್ಟ ಮೀನಿನ ಕಥೆ ಕಡಲಲ್ಲಿ ಮುಂದುವರಿಯಿತು. ಮೊದಲ ಸಂಜೆಯ ಮೀನಿನದು ಮಾತ್ರ ಮುಗಿಯಲೂ ಇಲ್ಲ, ಮುಂದುವರಿಯಲೂ ಇಲ್ಲ. ನನ್ನ ಮನಸ್ಸಿನಲ್ಲಿ ಅಂಚಿನ ಕೆಳಗೆ ತಿರುಗುತ್ತಲೇ ಇದೆ. ಹಸಿದವನು ಮೋಸದಿಂದ ಹಿಡಿಯುವುದು ಕಡಲಿನ ಧರ್ಮವೇ, ಟ್ರೆವಲಿಯೂ ಹೊಂಚುಹಾಕುತ್ತದೆ. ಆದರೆ ತೆಗೆಯುವ ದಾರಿಯಿಲ್ಲವೆಂದು ತಿಳಿದೂ ಕೊಕ್ಕೆ ಬೀಸುವುದು ಮನುಷ್ಯನೊಬ್ಬನದೇ ತಪ್ಪು. ಆ ಸಂಜೆ ಅದು ನನ್ನದು.

ಜನವರಿಯಲ್ಲಿ ಮತ್ತೆ ಭ್ರಾಂತಿಮಾನ್ ಬಂತು. ಬೆಕ್ಕು ಬೆಳುದಿಂಗಳನ್ನು ನೆಕ್ಕಿತು, ಹುಡುಗರು ನಕ್ಕರು. ಗಂಟೆ ಬಾರಿಸಲು ಇನ್ನೂ ಐದು ನಿಮಿಷವಿತ್ತು. “ಆಮೇಲೆ ಬೆಕ್ಕು ಏನು ಮಾಡಿತು?” ಎಂದು ಈ ಸಲ ನಾನೇ ಕೇಳಿದೆ. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಹಸಿದೇ ಹೋಯಿತು, ಸಾರ್” ಎಂದಳು.