ತನ್ನೊಡನೆ ತಾನಾಡುವ ಮಾತು

ಪರರೊಡನೆ ಆಡುವ ಮಾತಿನಲ್ಲಿ ನಾವು ಬಹಳ ಎಚ್ಚರ ವಹಿಸುತ್ತೇವೆ. ಹಿರಿಯರೆದುರು ತೂಗಿ ಆಡುತ್ತೇವೆ, ನೆಂಟರೆದುರು ನಯವಾಗಿ ಆಡುತ್ತೇವೆ. ಆದರೆ ದಿನವಿಡೀ ನಮ್ಮೊಳಗೆ ನಾವೇ ಆಡಿಕೊಳ್ಳುವ ಮಾತಿಗೆ ಯಾವ ಕಟ್ಟುಪಾಡೂ ಇಲ್ಲ. ಬದುಕು ಕಗ್ಗಂಟಾಗಿ ನಿಂತಾಗ ಈ ಒಳಮಾತು ಬಹುಮಟ್ಟಿಗೆ ಒಂದೇ ವಾಕ್ಯಕ್ಕೆ ಇಳಿದುಬಿಡುತ್ತದೆ: ‘ಇದು ನನ್ನಿಂದಾಗದು, ನನ್ನ ಹಣೆಬರಹವೇ ಇಷ್ಟು.’

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕಾಡಿನ ಅಂಚಿಗೆ ಪುಣಜನೂರು ಇದೆ. ಅಲ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಅನುತ್ತೀರ್ಣಳಾಗಿದ್ದಾಳೆ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ, ಶುಲ್ಕ ಕಟ್ಟುವ ಶಕ್ತಿಯೂ ತಂದೆಗಿದೆ. ಆದರೂ ಪುಸ್ತಕ ತೆರೆಯಲು ಅವಳಿಗೆ ಮನಸ್ಸು ಬರುವುದಿಲ್ಲ. ‘ನನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಾಳೆ. ‘ನಮ್ ವಂಶಕ್ಕೇ ಓದು ಹತ್ನಿಲ್ಲ, ಬುಡು ಮಗಾ’ ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಅಜ್ಜಿಯದು ಪ್ರೀತಿಯ ಮಾತೇ. ಆದರೆ ಆ ಪ್ರೀತಿಯೇ ತೀರ್ಪಿಗೆ ಮೊಹರು ಒತ್ತುತ್ತದೆ. ಮುಂದಿನ ವರ್ಷ ಮದುವೆಯ ಮಾತು ಹೊರಟರೆ ಆಶ್ಚರ್ಯಪಡಬೇಕಾದದ್ದಿಲ್ಲ.

ಇಂತಹ ಒಂದು ವಾಕ್ಯಕ್ಕೆ ಎಷ್ಟು ಬಲವಿರಬಲ್ಲದು ಎಂಬುದನ್ನು ತಿಳಿಯಲು ಈ ಜಿಲ್ಲೆಯ ಜನ ದೂರ ಹೋಗಬೇಕಾಗಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮಾತು ದಶಕಗಳ ಕಾಲ ನಾಡಿನಲ್ಲೆಲ್ಲ ಹಬ್ಬಿತ್ತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಜನ ಬೆರಳು ಮಡಿಸಿ ಎಣಿಸುತ್ತಿದ್ದರು. 1988ರಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಪ್ರಕರಣದಿಂದ. 1989ರಲ್ಲಿ ಬೊಮ್ಮಾಯಿಯವರ ಸರಕಾರ ವಜಾ ಆದದ್ದು ಬಹುಮತದ ವಿವಾದದಿಂದ. ಕಾರಣಗಳು ಕಣ್ಣೆದುರಿಗೇ ಇದ್ದರೂ ಜನ ನೆನಪಿಟ್ಟುಕೊಂಡದ್ದು ಊರಿನ ಹೆಸರನ್ನು.

1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದರ ಉದ್ಘಾಟನೆಯನ್ನು ಜಿಲ್ಲಾ ಕೇಂದ್ರದಲ್ಲಿ ಮಾಡಲಿಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ ನೆರವೇರಿಸಿದರು. ಎಸ್.ಎಂ. ಕೃಷ್ಣ ಅವರೂ ಪಟ್ಟಣದಿಂದ ದೂರವೇ ಉಳಿದರು. ಹಾಗಿದ್ದೂ ಪಟೇಲರು 1999ರಲ್ಲಿಯೂ ಕೃಷ್ಣ ಅವರು 2004ರಲ್ಲಿಯೂ ಅಧಿಕಾರವನ್ನು ಉಳಿಸಿಕೊಳ್ಳಲಿಲ್ಲ. ಬಾರದೆ ಸೋತವರ ಲೆಕ್ಕವನ್ನು ಯಾರೂ ಹಿಡಿಯಲಿಲ್ಲ! ಶಕುನ, ಮುಹೂರ್ತಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದ ಶರಣರ ನಾಡಿನಲ್ಲಿ ಇದು ನಡೆಯಿತೆಂಬುದು ಬೇರೆಯೇ ವಿಚಾರ. ಆಳುವವರು ಬಾರದ ಊರಿನ ಅಹವಾಲು ಆಳುವವರ ಕಿವಿಗೆ ಬೀಳುವುದು ಕಷ್ಟ. ಹೀಗೆ ಬಾಯಿಮಾತೊಂದು ಇಡೀ ಪಟ್ಟಣಕ್ಕೆ ಹಣೆಬರಹವಾಗಿ ಪರಿಣಮಿಸಿತು.

ಇದನ್ನು ಮುರಿದದ್ದು ಯಾವ ಭಾಷಣವೂ ಅಲ್ಲ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಅದೇ ವರ್ಷ ಚಾಮರಾಜನಗರಕ್ಕೆ ಬಂದರು, ಆಮೇಲೂ ಹಲವು ಬಾರಿ ಬಂದರು, 2018ರವರೆಗೆ ಅವಧಿಯನ್ನು ಪೂರೈಸಿದರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ನಾವು ಗಮನಿಸಬೇಕಾದದ್ದು ಇಷ್ಟೇ: ‘ಈ ಊರು ಶುಭಕರ’ ಎಂದು ಜಪಿಸಿದ್ದರೆ ಹಳೆಯ ಮಾತು ಹೋಗುತ್ತಿರಲಿಲ್ಲ; ಬಂದು ನೋಡಿದ್ದರಿಂದ ಹೋಯಿತು.

ಮನಸ್ಸಿನೊಳಗಿನ ತೀರ್ಪೂ ಹಾಗೆಯೇ. ಅದು ತನಗೆ ಅನುಕೂಲವಾದ ಸಾಕ್ಷಿಯನ್ನು ಮಾತ್ರ ಎಣಿಸುತ್ತದೆ. ಆ ಹುಡುಗಿ ಸಂತೆಯಲ್ಲಿ ತರಕಾರಿಯ ಲೆಕ್ಕವನ್ನು ಬಾಯಲ್ಲೇ ಕೂಡಿಸಿ ಚಿಲ್ಲರೆ ಎಣಿಸಿ ತರುತ್ತಾಳೆ. ಅದು ‘ಲೆಕ್ಕ ಬಾರದವಳ’ ಖಾತೆಗೆ ಜಮೆಯಾಗುವುದೇ ಇಲ್ಲ. ಹಾಗೆಂದು ‘ನಾನು ಮಹಾ ಬುದ್ಧಿವಂತೆ’ ಎಂದು ಕನ್ನಡಿಯೆದುರು ನೂರು ಸಲ ಹೇಳಿಕೊಂಡರೆ ಪ್ರಯೋಜನವಾದೀತೆ? ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳರಿಮೆಯುಳ್ಳವರು ಇಂತಹ ಹೊಗಳಿಕೆಯನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿದ್ದು ಕಂಡುಬಂದಿತು. ನಂಬಲಾಗದ ಮಾತನ್ನು ಮನಸ್ಸು ಒಪ್ಪುವುದಿಲ್ಲ, ಒಳಗಿನಿಂದಲೇ ಎದುರುತ್ತರ ಕೊಡುತ್ತದೆ.

ಆದ್ದರಿಂದ ಹೊಸ ಮಾತು ದೊಡ್ಡದಾಗಿರಬೇಕಾಗಿಲ್ಲ, ನಿಜವಾಗಿದ್ದರೆ ಸಾಕು. ‘ನನಗೆ ಲೆಕ್ಕ ಬರುವುದಿಲ್ಲ’ ಎಂಬುದರ ಬದಲು ‘ಬೀಜಗಣಿತದ ಈ ಎರಡು ಪಾಠಗಳು ನನಗೆ ಇನ್ನೂ ತಿಳಿದಿಲ್ಲ’ ಎಂದರೆ ಅದರಲ್ಲಿ ಸುಳ್ಳಿಲ್ಲ, ಮೇಲಾಗಿ ಮಾಡಬೇಕಾದ ಕೆಲಸವೂ ಅದರಲ್ಲೇ ಕಾಣುತ್ತದೆ. ‘ಇನ್ನೂ’ ಎಂಬ ಪುಟ್ಟ ಪದವನ್ನು ಗಮನಿಸಿ. ಇನ್ನೊಂದು ಉಪಾಯವೆಂದರೆ ತನ್ನನ್ನು ತಾನೇ ಹೆಸರು ಹಿಡಿದು ಕರೆದು, ಒಡಹುಟ್ಟಿದವರಿಗೆ ಹೇಳುವಂತೆ ಹೇಳಿಕೊಳ್ಳುವುದು. ಹೀಗೆ ಮಾಡಿದವರು ಆತಂಕದ ಸಂದರ್ಭವನ್ನು ಹೆಚ್ಚು ಸಮಚಿತ್ತದಿಂದ ಎದುರಿಸಿದರೆಂದು ಅಮೆರಿಕದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ನಮಗೆ ಇದೇನೂ ಹೊಸದಲ್ಲ. ತಮ್ಮ ಮನಸ್ಸನ್ನೇ ಎದುರಿಗೆ ನಿಲ್ಲಿಸಿಕೊಂಡು ಗದರಿಸುವುದು, ತಿಳಿಹೇಳುವುದು ವಚನಕಾರರ ಪದ್ಧತಿಯೇ ಆಗಿತ್ತು. ನೆರೆಮನೆಯ ಹುಡುಗಿ ಅನುತ್ತೀರ್ಣಳಾದರೆ ‘ನಿನ್ನ ಹಣೆಬರಹ’ ಎಂದು ನಾವು ಯಾರೂ ಹೇಳುವುದಿಲ್ಲ. ‘ಯಾವ ಪಾಠ ಕಷ್ಟವಾಯಿತಮ್ಮಾ?’ ಎಂದು ಕೇಳುತ್ತೇವೆ. ಅದೇ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಳ್ಳುವುದೇ ಕಷ್ಟದ ಕೆಲಸ.

ತಾಯಂದಿರು ಇನ್ನೊಂದನ್ನು ಗಮನಿಸಬೇಕು. ಮಕ್ಕಳ ಒಳಮಾತು ಬಹುಪಾಲು ಮನೆಯವರ ಬಾಯಿಂದಲೇ ಬಂದದ್ದು. ಒಲೆಯ ಮುಂದೆ ಕುಳಿತು ‘ಇವಳಿಗೆ ಓದು ಹತ್ತುವುದಿಲ್ಲ’ ಎಂದು ನೆಂಟರಿಗೆ ಹೇಳಿದ್ದು ಒಳಕೋಣೆಯ ಮಗುವಿಗೆ ಕೇಳಿಸಿರುತ್ತದೆ.

ಎಲ್ಲ ಅಡಚಣೆಯೂ ಮಾತಿನಿಂದ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಲೇಬೇಕು. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದಿದ್ದರೆ, ಶಾಲೆಯಲ್ಲಿ ಗಣಿತದ ಶಿಕ್ಷಕರೇ ಇಲ್ಲದಿದ್ದರೆ, ಅದನ್ನು ಹುಡುಗಿಯ ಮನಸ್ಸಿನ ದೋಷವೆನ್ನುವುದು ಅನ್ಯಾಯ. ಅಲ್ಲಿ ಹಿರಿಯರು ಆಡಬೇಕಾದ ಮಾತು ಪಂಚಾಯಿತಿಯ ಎದುರು, ಶಿಕ್ಷಣ ಇಲಾಖೆಯ ಎದುರು. ಇನ್ನು ಊಟ, ನಿದ್ರೆಗಳು ಕೆಟ್ಟು, ಬದುಕೇ ಬೇಡವೆಂಬ ಮಾತು ವಾರಗಟ್ಟಲೆ ಒಳಗೆ ಸುತ್ತುತ್ತಿದ್ದರೆ ಅದು ಕಾಯಿಲೆಯ ಲಕ್ಷಣವಾಗಿರಬಹುದು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ ಮಾತನಾಡಬಹುದು.