ಸಾವಯವ ತರಕಾರಿ ಬೆಳೆಯೋ ಕೆಲಸ ಇದೆ, ಸಂಬಳ ಕೊಡೋರು ಯಾರು?

‘ಬೆಂಗಳೂರು ಸಾಕಾಯ್ತು, ಊರ ಕಡೆ ಯಾರದ್ದಾದರೂ ಜಮೀನಲ್ಲಿ ಸಾವಯವ ತರಕಾರಿ ಬೆಳೆಯೋ ಕೆಲಸ ಸಿಗುತ್ತಾ?’ ಅಂತ ಕೇಳುವವರಿಗೆ ನೇರ ಉತ್ತರ: ಪುತ್ತೂರು, ಸುಳ್ಯ, ಕಡಬದಲ್ಲಿ ಕೆಲಸ ಇದೆ, ಹುದ್ದೆ ಇಲ್ಲ.

ಕಾರಣ ಅಡಿಕೆ. ಸಣ್ಣ ಹಿಡುವಳಿಗೂ ದುಡ್ಡು ಬರೋದು ಅದರಿಂದ, ಕೂಲಿ ಹೋಗೋದೂ ಅದಕ್ಕೇ. ಬಸಳೆ, ಅಲಸಂಡೆ, ತೊಂಡೆಯನ್ನು ಹಿತ್ತಲಲ್ಲಿ ಬೆಳೆಸುವವರು ಹೆಚ್ಚಾಗಿ ಮನೆಯ ಹೆಂಗಸರು. ಅವರ ದುಡಿಮೆಗೆ ಯಾರೂ ಸಂಬಳದ ಲೆಕ್ಕ ಹಾಕಿಲ್ಲ. ಹಾಗಾಗಿ ನೀವು ಸಂಬಳ ಕೇಳಿದರೆ ‘ತರಕಾರಿಗಾ?’ ಅನ್ನೋ ಪ್ರಶ್ನೆ ಬರುತ್ತೆ.

ಆದರೆ ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟಗಳೇ ಸೊರಗಿವೆ. ಒಂದೇ ಬೆಳೆ ನಂಬಿದರೆ ಏನಾಗುತ್ತೆ ಅಂತ ಅಲ್ಲಿನವರಿಗೆ ಗೊತ್ತು. ಮಾತು ಶುರು ಮಾಡಬೇಕಾದ್ದು ಅಲ್ಲಿಂದ.

ಹುಡುಕೋದು ಎಲ್ಲಿ? ಜಾಬ್ ಪೋರ್ಟಲ್‌ನಲ್ಲಲ್ಲ. ಮಂಗಳೂರಿನ ಭಾನುವಾರದ ಸಾವಯವ ಸಂತೆಗೆ ಹೋಗಿ, ಮಾರುವವರ ಜತೆ ಮಾತಾಡಿ. ಮೂರು ವಿಷಯ ಕೇಳಿ: ಏಪ್ರಿಲ್‌ನಲ್ಲೂ ನೀರಿರುತ್ತಾ? ಜಡಿಮಳೆಯ ತಿಂಗಳುಗಳಲ್ಲಿ ಏನು ಕೆಲಸ? ಕೊಡೋದು ಪಾಲಾ, ಸಂಬಳವಾ? ಮೊದಲ ವರ್ಷ ಸಂಬಳವೇ ಇರಲಿ. ಬೆಳೆ ಹೋದರೂ ಜಮೀನು ಅವರ ಬಳಿ ಉಳಿಯುತ್ತೆ, ನಿಮ್ಮ ಬಳಿ ಏನೂ ಉಳಿಯಲ್ಲ.

ಸರ್ಟಿಫಿಕೇಟ್ ಇಲ್ಲ ಅನ್ನೋದು ನೆಪ ಆಗಬಾರದು. ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ಬೆಳೆಗಾರರು ಗ್ರಾಹಕರಿಗೆ ನೇರವಾಗಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ವಿನಾಯಿತಿ ಕೊಟ್ಟಿದೆ. ‘ಜೈವಿಕ್ ಭಾರತ್’ ಲೋಗೋ ಮಾತ್ರ ಹಾಕುವಂತಿಲ್ಲ.

ಚೌಕಾಸಿ ಮಾಡೋಕೆ ಸಂಕೋಚ ಬೇಡ. ನಿಮ್ಮ ಸಂಬಳ ನಿಗದಿಯಾದ ದಿನ, ಆ ಮನೆಯ ಹಿತ್ತಲಲ್ಲಿ ಇಷ್ಟು ವರ್ಷ ಬಿಟ್ಟಿ ದುಡಿದವರ ಕೆಲಸಕ್ಕೂ ಒಂದು ರೇಟು ಗೊತ್ತಾಗುತ್ತೆ.